ಅಜ್ಜನ ಡಬ್ಬಿಯಲ್ಲಿ ಖಾಲಿ ಕಾಡತೂಸು: ಗುಜರಿಗೆ ಹಾಕಬೇಡಿ, ಹೀಗೆ ಮಾಡಿ

ಬ್ಯಾಡಗಿ ಹತ್ತಿರದ ನಮ್ಮ ಹಳೇ ಮನೆ ಕೆಡವುವಾಗ ದನದ ಅಂಕಣದ ಮಾಡದಲ್ಲಿ ಒಂದು ಡಾಲ್ಡಾ ಡಬ್ಬಿ ಸಿಕ್ಕಿತು. ಒಳಗೆ 43 ಹಿತ್ತಾಳೆ ಕಾಡತೂಸು. ಅಜ್ಜನ 12 ಬೋರ್ (ಬೋರ್ ಅಂದರೆ ನಳಿಕೆಯ ಅಳತೆ) ಬಂದೂಕಿನವು. ಗೋವಿನಜೋಳಕ್ಕೆ ನುಗ್ಗುವ ಹಂದಿ ಓಡಿಸಲು ಬೆಳೆ ರಕ್ಷಣೆ ಲೈಸೆನ್ಸ್ ಪಡೆದಿದ್ದರು. ಅವರು ತೀರಿಕೊಂಡಾಗ ಬಂದೂಕು ಠಾಣೆ ಸೇರಿತು, ಡಬ್ಬಿ ಯಾರಿಗೂ ನೆನಪಾಗಲಿಲ್ಲ.

'ಹಿತ್ತಾಳಿ ಐತಿ ಕಾಕಾ, ಕಿಲೋ ಲೆಕ್ಕದಾಗ ಗುಜರಿಗೆ ಹಾಕಿಬಿಡೂಣು' ಎಂದ ಅಣ್ಣನ ಮಗ. ನನಗೂ ಒಂದು ಗಳಿಗೆ ಸರಿ ಅನ್ನಿಸಿತು.

ಹಿಂದಿನವರು ಇವನ್ನು ಸುಮ್ನೆ ಕೂಡಿಡುತ್ತಿರಲಿಲ್ಲ. ಹೊಡೆದಾದ ಮೇಲೆ ಬುಡದ ಕೇಪು (ಪೆಟ್ಟು ಬಿದ್ದರೆ ಕಿಡಿ ಹೊತ್ತಿಸುವ ಭಾಗ) ಬದಲಿಸಿ, ಮದ್ದು, ಚರೆ (ಸಣ್ಣ ಗುಂಡು) ತುಂಬಿ, ಬಾಯಿಗೆ ರಟ್ಟಿನ ಬಿಲ್ಲೆ ಇಟ್ಟು ಮೇಣ ಬಳಿದರೆ ಅದೇ ಕಾಡತೂಸು ಮತ್ತೆ ತಯಾರು. ಈಗಿನ 12 ಬೋರ್ ಜಾಸ್ತಿ ಪ್ಲಾಸ್ಟಿಕ್ಕಿನದು.

ಡಬ್ಬಿಯನ್ನು ನೆಲಕ್ಕೆ ಸುರಿಯಬೇಡಿ. ಮಕ್ಕಳನ್ನು, ಬೀಡಿ ಸೇದುವವರನ್ನು ದೂರ ಕಳಿಸಿ, ಒಂದೊಂದೇ ಎತ್ತಿ ಬಾಯಿ ನೋಡಿ, ಬುಡ ನೋಡಿ. ಬುಡದ ನಡುವಿನ ಸಣ್ಣ ಬಿಲ್ಲೆಯೇ ಕೇಪು. ಅದರಲ್ಲಿ ಕುಳಿ ಬಿದ್ದಿದ್ದು ಬಾಯಿ ಖಾಲಿ ಇದ್ದರೆ ಹೊಡೆದಾಗಿದೆ. ಕುಳಿ ಇಲ್ಲ ಅಂದರೆ ಬಾಯಿ ಖಾಲಿಯಿದ್ದರೂ ಕೇಪು ಜೀವಂತ ಇರಬಹುದು. ಕುಳಿ ಬಿದ್ದೂ ಹಾರದೆ ಉಳಿದವೂ ಇರುತ್ತವೆ. ನಮ್ಮಲ್ಲಿ 40 ಪೂರ್ತಿ ಖಾಲಿ, ಎರಡರ ಕೇಪಿಗೆ ಪೆಟ್ಟೇ ಬಿದ್ದಿರಲಿಲ್ಲ. ಇನ್ನೊಂದನ್ನು ಎತ್ತಿದರೆ ಕೈಗೆ ತೂಕ ಬಂತು. ಬಾಯಿಯ ಮೇಣ ಹಾಗೇ ಇತ್ತು. ಅಂಥದ್ದನ್ನು ಬಿಚ್ಚಲು, ಕುಟ್ಟಲು, ಬಸ್ಸಿನಲ್ಲಿ ಒಯ್ಯಲು ಹೋಗಬೇಡಿ. ಅಲ್ಲೇ ಬಿಟ್ಟು ಠಾಣೆಗೆ ಫೋನ್ ಮಾಡಿ, ಅವರೇ ಬಂದು ಒಯ್ಯಲಿ. ಈ ಕಾರಣಕ್ಕೇ ಗುಜರಿ ಬೇಡ ಅನ್ನುವುದು. ಅಲ್ಲಿಂದ ಅದು ಹೋಗುವುದು ಹಿತ್ತಾಳೆ ಕರಗಿಸುವ ಮೂಸೆಗೆ ಅಲ್ವಾ?

ಉಳಿದವನ್ನು ಬೆಳಕಿಗೆ ಹಿಡಿದು ನೋಡಿದೆ. ಐದಾರರ ಮೈಮೇಲೆ ಉದ್ದಕ್ಕೆ ಕೂದಲೆಳೆಯಂಥ ಬಿರುಕು. ಮಾಡದ ಕೆಳಗೇ ಗ್ವಾದಲಿ ಇತ್ತು. ಗಂಜಲದಿಂದ ಏಳುವ ಅಮೋನಿಯಾ ಇಂಥ ಹಿತ್ತಾಳೆಗೆ ಆಗಿಬರುವುದಿಲ್ಲ. ಹಿಂದೆ ನಮ್ಮ ದೇಶದಲ್ಲಿದ್ದ ಬ್ರಿಟಿಷ್ ಸೈನ್ಯಕ್ಕೂ ಇದೇ ಕಾಟ. ಮಳೆಗಾಲದಲ್ಲಿ ಕುದುರೆ ಲಾಯದಲ್ಲಿಟ್ಟ ಕಾಡತೂಸು ತಾವಾಗಿಯೇ ಸೀಳುತ್ತಿದ್ದವು. 70 ಪಾಲು ತಾಮ್ರ, 30 ಪಾಲು ಸತುವಿನ ಹಿತ್ತಾಳೆಯನ್ನು ಎಳೆದು ಕೊಳವೆ ಮಾಡುವಾಗ ಒಳಗೆ ಬಿಗಿತ ಉಳಿಯುತ್ತದೆ, ಅಮೋನಿಯಾ ತಾಗಿದರೆ ಅಲ್ಲೇ ಬಿರಿಯುತ್ತದೆ ಎಂದು 1921ರಲ್ಲಿ ವಿವರಣೆ ಸಿಕ್ಕಿತು. ಬಿರಿದದ್ದು ಮರುಬಳಕೆಗೆ ಬರುವುದಿಲ್ಲ, ಯಾರೇ ಕೇಳಿದರೂ.

ಹುಣಸೆಹಣ್ಣು ಹಚ್ಚಿ ತಿಕ್ಕಿ ಶೋಕೇಸಿನಲ್ಲಿಡುವ ಆಸೆ ಅವ್ವನಿಗಿತ್ತು. ಬೇಡ ಅಂದೆ. ಕೇಪಿನ ಮಸಿಯಲ್ಲಿ ಸೀಸ ಇರುತ್ತದೆ, ಹಳೆಯದಾದರೆ ಪಾದರಸವೂ ಇರಬಹುದು. ಮುಟ್ಟಿದ ಮೇಲೆ ಸೋಪು ಹಚ್ಚಿ ಕೈ ತೊಳೆಯಿರಿ.

ಇನ್ನು ಕಾನೂನು. 1959ರ ಶಸ್ತ್ರಾಸ್ತ್ರ ಕಾಯ್ದೆಯಲ್ಲಿ ಮದ್ದುಗುಂಡಿನ ಬಿಡಿಭಾಗವೂ ಮದ್ದುಗುಂಡಿನ ಲೆಕ್ಕಕ್ಕೇ ಬರುತ್ತದೆ. ಲೈಸೆನ್ಸ್ ಇಲ್ಲದೆ ತಯಾರಿಸುವುದು, ಮಾರುವುದು ಅಪರಾಧ. 'ಖಾಲಿ ಐತಲ್ರೀ' ಅನ್ನುವ ವಾದವನ್ನು ನೆಚ್ಚಿಕೊಳ್ಳಬೇಡಿ, ಶೂಟಿಂಗ್ ಕಲಿಯುವ ಗೆಳೆಯನಿಗೆ ಪುಕ್ಕಟೆ ಕೊಡುವುದೂ ಬೇಡ. ಇಟ್ಟುಕೊಳ್ಳುವ ಹಕ್ಕು ಮುಗಿದಿದ್ದರೆ ತಡಮಾಡದೆ ಹತ್ತಿರದ ಠಾಣೆಗೆ ಒಪ್ಪಿಸಬೇಕು. ನಿಮ್ಮದೇ ಲೈಸೆನ್ಸ್ ಚಾಲ್ತಿಯಲ್ಲಿದ್ದರೆ, ಕಾಡತೂಸು ಕೊಳ್ಳುವ ಅಂಗಡಿಯಲ್ಲೇ ಲೈಸೆನ್ಸ್ ತೋರಿಸಿ, ಖಾಲಿಯವನ್ನು ಏನು ಮಾಡಬೇಕು ಎಂದು ಕೇಳಿ.

ಅರ್ಜಿಯಲ್ಲಿ ಎಲ್ಲಿ ಸಿಕ್ಕಿತು, ಯಾವ ಬೋರ್, ಖಾಲಿ ಎಷ್ಟು, ಅನುಮಾನದ್ದು ಎಷ್ಟು ಎಂದು ಬರೆಯಿರಿ. ಹಳೇ ಲೈಸೆನ್ಸಿನ ಜೆರಾಕ್ಸ್, ಫೋಟೊ ಲಗತ್ತಿಸಿ. ಸ್ವೀಕೃತಿ ಪಡೆಯದೆ ಏಳಬೇಡಿ, ಓದದೆ ಸಹಿ ಹಾಕಬೇಡಿ. ನಮಗೆ ಮೊದಲು ಕೊಟ್ಟದ್ದರಲ್ಲಿ 'ಹಿತ್ತಾಳೆ ಸಾಮಾನು, 43' ಎಂದಷ್ಟೇ ಇತ್ತು. ಅರ್ಧ ತಾಸು ಕೂತು, 'ಖಾಲಿ 40, ಕೇಪಿಗೆ ಪೆಟ್ಟು ಬೀಳದವು 2, ತುಂಬಿದ್ದು 1' ಎಂದು ಬರೆಸಿಕೊಂಡೇ ಹೊರಗೆ ಬಂದೆ.