ಕೊಳೆ ನೋಡಿ ಮದ್ದು: ಮನೆ ತೊಳೆಯಲು ನಾನು ಉಳಿಸಿಕೊಂಡ ಐದು ಪದಾರ್ಥ

ಟಾಯ್ಲೆಟ್ ಕ್ಲೀನರ್ ಬಾಟಲಿಯ ಹಿಂದಿನ ಚೀಟಿ ಓದಿದರೆ ಬಹಳಷ್ಟು ಸಲ ಹೈಡ್ರೋಕ್ಲೋರಿಕ್ ಆಮ್ಲ ಎಂದಿರುತ್ತದೆ, ಶೇಕಡಾ 10ರ ಆಸುಪಾಸು. ಪಕ್ಕದಲ್ಲೇ ನಿಂತಿರುವ ಬ್ಲೀಚ್ ಬಾಟಲಿಯಲ್ಲಿ ಸೋಡಿಯಂ ಹೈಪೋಕ್ಲೋರೈಟ್, ಶೇಕಡಾ 4ರಿಂದ 6. ಒಂದನ್ನು ಸುರಿದು, ಕಲೆ ಹೋಗಲಿಲ್ಲವೆಂದು ಅದರ ಮೇಲೆ ಇನ್ನೊಂದನ್ನು ಸುರಿದರೆ ಕ್ಲೋರಿನ್ ಅನಿಲ ಏಳುತ್ತದೆ. ಮೊದಲ ಮಹಾಯುದ್ಧದಲ್ಲಿ, 1915ರಲ್ಲಿ, ಬೆಲ್ಜಿಯಂನ ಈಪ್ರ್ ರಣರಂಗದಲ್ಲಿ ಸೈನಿಕರ ಮೇಲೆ ಬಿಟ್ಟದ್ದು ಇದೇ ಅನಿಲವನ್ನು. ಬ್ಲೀಚಿಗೆ ಅಮೋನಿಯಾ ಇರುವ ಗಾಜಿನ ಕ್ಲೀನರ್ ಸೇರಿದರೆ ಕ್ಲೋರಮೈನ್ ಹುಟ್ಟುತ್ತದೆ. ಅದೂ ಶ್ವಾಸಕೋಶವನ್ನು ಸುಡುವಂಥದ್ದೇ. ಹಾಗಾಗಿ ನನ್ನ ಲೆಕ್ಕದಲ್ಲಿ ಮೊದಲ ಕೆಲಸ, ಮನೆಯೊಳಗಿನ ಬಾಟಲಿಗಳ ಸಂಖ್ಯೆ ಇಳಿಸುವುದು.

ಏನನ್ನೂ ತೊಳೆಯದೆ ಗಾಳಿಗೆ ಮಾತ್ರ ಏನಾದರೂ ಬಿಡುವ ವಸ್ತುಗಳನ್ನು ನಾನು ಮೊದಲು ಹೊರಗೆ ಹಾಕಿದೆ. ನುಸಿಗುಳಿಗೆಗಳಲ್ಲಿ ಇರುವುದು ನ್ಯಾಫ್ತಲೀನ್ ಅಥವಾ ಪ್ಯಾರಾಡೈಕ್ಲೋರೋಬೆಂಜೀನ್. ಮನುಷ್ಯರಲ್ಲಿ ಕ್ಯಾನ್ಸರ್ ತರಬಹುದಾದ ವಸ್ತುಗಳೆಂದು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಎರಡನ್ನೂ 2ಬಿ ಗುಂಪಿಗೆ ಸೇರಿಸಿದೆ. ಜಿ6ಪಿಡಿ ಎಂಬ ಕಿಣ್ವದ ಕೊರತೆ ಇರುವ ಮಕ್ಕಳಲ್ಲಿ ನ್ಯಾಫ್ತಲೀನ್ ಕೆಂಪು ರಕ್ತಕಣಗಳನ್ನೇ ಒಡೆಯುತ್ತದೆ. ಆಮೇಲೆ ಹೋಗಿದ್ದು ರೂಮ್ ಫ್ರೆಶ್ನರ್. ಚೀಟಿಯ ಮೇಲೆ ‘ಪರಿಮಳ’ ಎಂಬ ಒಂದೇ ಪದ ಇದ್ದರೂ ಅದರ ಹಿಂದೆ ಹತ್ತಾರು ರಾಸಾಯನಿಕಗಳು ಇರಬಹುದು, ಪರಿಮಳ ಬೇಗ ಆರದಂತೆ ಬೆರೆಸುವ ಥಾಲೇಟ್‌ಗಳೂ ಸೇರಿ. ಮೂರನೆಯದು ಬೆಂಜಾಲ್ಕೋನಿಯಂ ಕ್ಲೋರೈಡ್ ಎಂಬ ರೋಗಾಣುನಾಶಕ ಇರುವ ಸ್ಪ್ರೇ. ಇದೇ ಗುಂಪಿನ ಸಂಯುಕ್ತಗಳನ್ನು ದಿನವೂ ಬಳಸುವ ಸ್ವಚ್ಛತಾ ಕಾರ್ಮಿಕರಲ್ಲಿ ಆಸ್ತಮಾ ಕಾಣಿಸಿಕೊಂಡಿದೆ. ಸ್ಪ್ರೇ ರೂಪವೇ ಕೆಟ್ಟದ್ದು, ಏಕೆಂದರೆ ಹನಿಗಳು ನೇರವಾಗಿ ಉಸಿರಿಗೆ ಹೋಗುತ್ತವೆ. ಯಾವ ದ್ರವವನ್ನೇ ಬಳಸಲಿ, ನಾನು ಬಟ್ಟೆಯ ಮೇಲೆ ಸುರಿದುಕೊಂಡು ಒರೆಸುತ್ತೇನೆ.

ಕೊಳೆಯಲ್ಲಿ ಮುಖ್ಯವಾಗಿ ಮೂರು ಜಾತಿ. ಜಿಡ್ಡು, ಬೆವರು, ಹೊಗೆಯ ಪದರ ಇವು ಕ್ಷಾರಕ್ಕೂ ನೊರೆಗೂ ಬಗ್ಗುತ್ತವೆ. ಗಡಸು ನೀರು ಬಿಟ್ಟುಹೋಗುವ ಸುಣ್ಣದ ಬಿಳಿ ಪೊರೆ, ತುಕ್ಕು, ಕಮೋಡಿನ ಹಳದಿ ಗಟ್ಟಿ ಪದರ ಇವು ಆಮ್ಲಕ್ಕೆ ಮಾತ್ರ ಬಗ್ಗುತ್ತವೆ. ಬಣ್ಣ ಹಿಡಿದ ಕಲೆಗೆ ಆಮ್ಲಜನಕ ಬಿಡುವ ಪದಾರ್ಥ ಬೇಕು. ಈ ಲೆಕ್ಕದಲ್ಲಿ ನನ್ನ ಕಪಾಟಿನಲ್ಲಿ ಉಳಿದದ್ದು ಐದು: ಅಂಟುವಾಳ, ಅಡುಗೆ ಸೋಡಾ, ವಾಷಿಂಗ್ ಸೋಡಾ, ಸಿಟ್ರಿಕ್ ಆಮ್ಲ, ಶೇಕಡಾ 3ರ ಹೈಡ್ರೋಜನ್ ಪೆರಾಕ್ಸೈಡ್.

ವಿನೆಗರ್ ಮತ್ತು ಅಡುಗೆ ಸೋಡಾ ಬೆರೆಸಿದ ‘ಮ್ಯಾಜಿಕ್ ಕ್ಲೀನರ್’ ಈ ಪಟ್ಟಿಯಲ್ಲಿ ಇಲ್ಲ, ಬೇಕೆಂದೇ ಬಿಟ್ಟಿದ್ದೇನೆ. ಒಂದು ಸಣ್ಣ ಚಮಚ ಸೋಡಾ, ಅಂದರೆ ಸುಮಾರು 5 ಗ್ರಾಂ, ಶೇಕಡಾ 5ರ ವಿನೆಗರ್ 70 ಮಿ.ಲೀ. ಜೊತೆ ಪೂರ್ತಿ ಕರಗಿ ಮುಗಿಯುತ್ತದೆ. ಬುಸ್ಸೆಂದು ಉಕ್ಕುವುದು ಇಂಗಾಲದ ಡೈಆಕ್ಸೈಡ್. ಉಕ್ಕು ಇಳಿದ ಮೇಲೆ ಪಾತ್ರೆಯಲ್ಲಿ ಉಳಿಯುವುದು ಸೋಡಿಯಂ ಅಸಿಟೇಟ್ ಎಂಬ ಲವಣ ಕರಗಿದ ನೀರು. ಅದರಲ್ಲಿ ಆಮ್ಲದ ಕಸುವೂ ಇಲ್ಲ, ಕ್ಷಾರದ ಕಸುವೂ ಇಲ್ಲ. ಎರಡನ್ನೂ ಬಳಸಬೇಕಿದ್ದರೆ ಒಂದರಿಂದ ತೊಳೆದು, ನೀರು ಹಾಕಿ, ಆಮೇಲೆ ಇನ್ನೊಂದು. ಇವನ್ನು ಬೆರೆಸಿ ಬಾಟಲಿಗೆ ತುಂಬಿ ಮುಚ್ಚಳ ಬಿಗಿದರೆ ಬಾಟಲಿ ಸಿಡಿಯುತ್ತದೆ.

ದಿನದ ಕೆಲಸಕ್ಕೆ ನನ್ನ ಆಧಾರ ಅಂಟುವಾಳ. ಅದರ ಸಿಪ್ಪೆಯಲ್ಲಿರುವ ಸ್ಯಾಪೋನಿನ್ ನೊರೆ ಕೊಡುತ್ತದೆ, ಜಿಡ್ಡನ್ನು ಬಿಡಿಸುತ್ತದೆ. ಗಡಸು ನೀರಿನಲ್ಲಿ ಸಾಬೂನು ಒಡೆದು ಬೂದುಬಣ್ಣದ ಅಂಟು ಬಿಡುವಂತೆ ಇದು ಬಿಡುವುದಿಲ್ಲ. ಬೀಜ ತೆಗೆದ ಸಿಪ್ಪೆ 100 ಗ್ರಾಂ ತೂಗಿ, 1 ಲೀಟರ್ ನೀರಿನಲ್ಲಿ ರಾತ್ರಿಯಿಡೀ ನೆನೆಸುತ್ತೇನೆ. ಬೀಜದಿಂದ ನೊರೆ ಬರುವುದಿಲ್ಲ, ಬೀಜ ಸಮೇತ ತೂಗಿದರೆ ದ್ರಾವಣ ನೀರುನೀರಾಗುತ್ತದೆ. ಬೆಳಿಗ್ಗೆ ಅದೇ ನೀರಿನಲ್ಲಿ ಸಣ್ಣ ಉರಿಯಲ್ಲಿ 20ರಿಂದ 25 ನಿಮಿಷ ಕುದಿಸಬೇಕು. ಪಾತ್ರೆ ಅರ್ಧಕ್ಕಿಂತ ಹೆಚ್ಚು ತುಂಬಿರಬಾರದು. ಹಾಲಿನಂತೆ ಇದೂ ಉಕ್ಕುತ್ತದೆ, ಹಾಲಿಗಿಂತ ಬೇಗ ಉಕ್ಕುತ್ತದೆ, ಉಕ್ಕಿದ ನೊರೆ ಒಲೆ ಆರಿಸುತ್ತದೆ. ಆರಿದ ಮೇಲೆ ಸಿಪ್ಪೆಯನ್ನು ಕೈಯಲ್ಲಿ ಕಿವುಚಬೇಕು. ಮೊದಲು ಚರ್ಮದಂತೆ ಗಟ್ಟಿಯಾಗಿದ್ದ ಸಿಪ್ಪೆ ಬೆರಳ ನಡುವೆ ಲೋಳೆಯಾಗಿ ಜಾರಿದರೆ ಸರಿಯಾಗಿ ಬೆಂದಿದೆ ಎಂದರ್ಥ. ಇನ್ನೂ ಗಟ್ಟಿ ಅನಿಸಿದರೆ ಮತ್ತೆ 10 ನಿಮಿಷ ಕುದಿಸಿ. ಹತ್ತಿಬಟ್ಟೆಯಲ್ಲಿ ಎರಡು ಸಲ ಸೋಸಿದರೆ ಜೇನುಬಣ್ಣದ ದ್ರಾವಣ ಸುಮಾರು 600 ಮಿ.ಲೀ. ಸಿಗುತ್ತದೆ. ಉಳಿದ ಹಿಂಡಿಗೆ ಅರ್ಧ ಲೀಟರ್ ನೀರು ಹಾಕಿ ಇನ್ನೊಮ್ಮೆ ಕುದಿಸಿದರೆ ನೆಲಕ್ಕೆ ಸಾಕಾಗುವಷ್ಟು ತೆಳು ದ್ರಾವಣ.

ಅಂಟುವಾಳ ಕೈಕೊಡುವುದು ಶೇಖರಣೆಯಲ್ಲಿ. ಇದು ಸಸ್ಯದ ಕಷಾಯ, ಹೊರಗಿಟ್ಟರೆ ಎರಡೇ ದಿನಕ್ಕೆ ಹುಳಿವಾಸನೆ ಹೊಡೆದು ಮೇಲೆ ಬಿಳಿ ಪದರ ಕಟ್ಟುತ್ತದೆ. ಫ್ರಿಜ್ಜಿನಲ್ಲಿ ಒಂದು ವಾರ. ಅರ್ಧ ಲೀಟರಿಗೆ 5 ಗ್ರಾಂ ಸಿಟ್ರಿಕ್ ಆಮ್ಲ ಹಾಕಿದರೆ ಇನ್ನಷ್ಟು ದಿನ ತಾಳುತ್ತದೆ, ಆದರೆ ಅದನ್ನು ನಂಬಿ ತಿಂಗಳುಗಟ್ಟಲೆ ಇಡುವಂತಿಲ್ಲ. ನಾನು ಐಸ್ ಟ್ರೇಯಲ್ಲಿ ಹೆಪ್ಪುಗಟ್ಟಿಸಿ, ಗಟ್ಟಿಯಾದ ಮೇಲೆ ಚೀಲಕ್ಕೆ ಹಾಕಿ, ಮೇಲೆ ‘ತಿನ್ನುವುದಲ್ಲ’ ಎಂದು ದಪ್ಪಕ್ಷರದಲ್ಲಿ ಬರೆದಿಡುತ್ತೇನೆ. ಒಂದು ಬಿಲ್ಲೆ ಸುಮಾರು 20 ಮಿ.ಲೀ.; ಒಂದು ಬಕೆಟ್ ಬಟ್ಟೆಗೆ ಮೂರು ಅಥವಾ ನಾಲ್ಕು ಬಿಲ್ಲೆ. ನೊರೆ ಕಡಿಮೆ ಕಾಣುತ್ತದೆ ಎಂದು ಹೆಚ್ಚು ಸುರಿಯಬೇಡಿ, ನೊರೆಯ ಎತ್ತರಕ್ಕೂ ಶುಚಿಗೂ ನೇರ ಸಂಬಂಧವಿಲ್ಲ. ಬಿಳಿ ಬಟ್ಟೆಗೆ ಇದು ಬೇಡ, ಹತ್ತಾರು ಒಗೆತಕ್ಕೆ ಕಂದು ಛಾಯೆ ಹಿಡಿಯುತ್ತದೆ. ಕಣ್ಣಿಗೆ ಬಿದ್ದರೆ ಜೋರು ಉರಿ. ಪುಡಿ ಮಾಡುವುದಾದರೆ ಮೂಗಿಗೆ ಬಟ್ಟೆ ಕಟ್ಟಲೇಬೇಕು. ಸ್ಯಾಪೋನಿನ್ ಮೀನಿಗೆ ವಿಷ, ಆದ್ದರಿಂದ ತೊಳೆದ ನೀರು ಕೊಳಕ್ಕೋ ಹಳ್ಳಕ್ಕೋ ಹರಿಯಬಾರದು.

ಹಳೆಯ ಜಿಡ್ಡಿನ ಎದುರು ಅಂಟುವಾಳ ಸೋಲುತ್ತದೆ. ಅಲ್ಲಿ ವಾಷಿಂಗ್ ಸೋಡಾ, ಅಂದರೆ ಸೋಡಿಯಂ ಕಾರ್ಬೊನೇಟ್. ಕ್ಷಾರದ ಕಸುವು ತೋರಿಸುವ ಪಿಎಚ್ ಅಳತೆಯಲ್ಲಿ ಅಡುಗೆ ಸೋಡಾ 8ರ ಚಿಲ್ಲರೆ, ಇದರದ್ದು 11ರ ಹತ್ತಿರ. ಈ ವ್ಯತ್ಯಾಸವೇ ಕೆಲಸ ಮಾಡುವುದು. ಸಿಗದಿದ್ದರೆ ಅಡುಗೆ ಸೋಡಾದಿಂದಲೇ ಮಾಡಿಕೊಳ್ಳಬಹುದು. ತಟ್ಟೆಯಲ್ಲಿ ತೆಳುವಾಗಿ ಹರಡಿ, ಓವನ್ನಿನಲ್ಲಿ 200 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದು ಗಂಟೆ, ನಡುವೆ ಒಮ್ಮೆ ಕೆದಕಿ. ನೀರಾವಿಯೂ ಇಂಗಾಲದ ಡೈಆಕ್ಸೈಡೂ ಹಾರಿಹೋಗಿ ತೂಕ ಇಳಿಯುತ್ತದೆ. 100 ಗ್ರಾಂ ಇಟ್ಟದ್ದು 63 ಗ್ರಾಂಗೆ ಬಂದರೆ ಪೂರ್ತಿ ಬದಲಾಗಿದೆ, 75 ತೋರಿಸಿದರೆ ಇನ್ನೂ ಬಾಕಿ ಇದೆ. ಕಣ್ಣಂದಾಜಿಗಿಂತ ತಕ್ಕಡಿಯನ್ನು ನಂಬುವುದು ಲೇಸು.

1 ಲೀಟರ್ ಬಿಸಿನೀರಿಗೆ ವಾಷಿಂಗ್ ಸೋಡಾ 30 ಗ್ರಾಂ, 15 ನಿಮಿಷ ನೆನೆಸು, ಆಮೇಲೆ ಬ್ರಷ್. ಕೈಗವಸು ಇಲ್ಲದೆ ಮುಟ್ಟಬಾರದು, ಚರ್ಮದ ಎಣ್ಣೆಯನ್ನೂ ಅದು ಎಳೆದುಬಿಡುತ್ತದೆ. ರೇಷ್ಮೆ, ಉಣ್ಣೆ ಹಾಳಾಗುತ್ತವೆ. ಅಲ್ಯೂಮಿನಿಯಂ ಕಪ್ಪಾಗುತ್ತದೆ, ಅಡುಗೆಮನೆಯ ಚಿಮಣಿಯ ಜಾಲರಿ ಬಹಳಷ್ಟು ಸಲ ಅಲ್ಯೂಮಿನಿಯಂನದ್ದೇ ಆಗಿರುವುದರಿಂದ ಅದನ್ನು ಪಾತ್ರೆ ತೊಳೆಯುವ ಸಾಬೂನಿನ ಬಿಸಿನೀರಿನಲ್ಲಿ ಮಾತ್ರ ನೆನೆಸುತ್ತೇನೆ. ತಳ ಹತ್ತಿದ ಸ್ಟೀಲ್ ಪಾತ್ರೆಗೆ ಇಷ್ಟು ಖಾರ ಬೇಡ, ಎರಡು ಚಮಚ ಅಡುಗೆ ಸೋಡಾ ಹಾಕಿದ ನೀರನ್ನು ಅದರಲ್ಲೇ 10 ನಿಮಿಷ ಕುದಿಸಿದರೆ ಸೀದದ್ದು ಏಳುತ್ತದೆ.

ಬಿಳಿ ಪೊರೆಗೆ ಸಿಟ್ರಿಕ್ ಆಮ್ಲ. ವಿನೆಗರ್‌ಗೂ ಇದೇ ಕೆಲಸ ಬರುತ್ತದೆ, ಆದರೆ ಮನೆಯೆಲ್ಲ ಘಾಟು. 1 ಲೀಟರ್ ನೀರಿಗೆ 50 ಗ್ರಾಂ ನನ್ನ ಮೂಲ ಅಳತೆ. ಶವರಿನ ತಲೆಗೆ ಈ ದ್ರಾವಣ ತುಂಬಿದ ಚೀಲವನ್ನು ರಬ್ಬರ್ ಬ್ಯಾಂಡಿನಿಂದ ಕಟ್ಟಿ ಒಂದು ಗಂಟೆ ಬಿಟ್ಟರೆ ಮುಚ್ಚಿಹೋದ ತೂತುಗಳು ತೆರೆದುಕೊಳ್ಳುತ್ತವೆ. ನಲ್ಲಿಯ ತುದಿಯ ಜಾಲರಿಯನ್ನು ಬಿಚ್ಚಿ ಬಟ್ಟಲಿಗೆ ಹಾಕಿದರೆ ಸಾಕು. ಮೊದಲು ಸಣ್ಣ ಗುಳ್ಳೆ ಏಳುತ್ತವೆ, ಗುಳ್ಳೆ ನಿಂತರೆ ಸುಣ್ಣ ಮುಗಿದಿದೆ ಅಥವಾ ಆಮ್ಲ ಮುಗಿದಿದೆ. ಹೊಸ ದ್ರಾವಣ ಹಾಕಿ ನೋಡಿದರೆ ಯಾವುದೆಂದು ತಿಳಿಯುತ್ತದೆ. ಕೆಟಲಿಗೆ ಲೀಟರಿಗೆ 15 ಗ್ರಾಂ, ಬೆಚ್ಚಗಿನ ನೀರು, ಅರ್ಧ ಗಂಟೆ. ಕುದಿಸುವುದು ಬೇಡ. ಸುಣ್ಣ ಈ ಆಮ್ಲದಲ್ಲಿ ಕರಗಿದಾಗ ಆಗುವ ಕ್ಯಾಲ್ಸಿಯಂ ಸಿಟ್ರೇಟ್ ಬಿಸಿ ಹೆಚ್ಚಿದಷ್ಟೂ ಕಡಿಮೆ ಕರಗುವ ವಸ್ತು, ಕರಗಿಸಿದ ಸುಣ್ಣವೇ ಇನ್ನೊಂದು ರೂಪದಲ್ಲಿ ಮತ್ತೆ ತಳಕ್ಕೆ ಕೂರಬಹುದು.

ಕಮೋಡಿನ ವಿಷಯದಲ್ಲಿ ಬಹಳ ಜನ ಒಂದೇ ಸಲಕ್ಕೆ ಸೋತು ಹಳೆಯ ಬಾಟಲಿಗೇ ಮರಳುತ್ತಾರೆ. ಕಾರಣ ಎರಡು. ಕಮೋಡಿನಲ್ಲಿ ನಿಂತ ನೀರು ಆಮ್ಲವನ್ನು ತೆಳುವಾಗಿಸುತ್ತದೆ. ಜೊತೆಗೆ, ಸುಣ್ಣದ ಪದರದ ಮೇಲೆ ಜಿಡ್ಡು ಲೋಳೆಯ ಹೊದಿಕೆ ಇರುತ್ತದೆ, ಅದನ್ನು ದಾಟಿ ಆಮ್ಲ ಒಳಗಿಳಿಯದು. ಆದ್ದರಿಂದ ಮೊದಲು ವಾಷಿಂಗ್ ಸೋಡಾ ನೀರಿನಿಂದ ಬ್ರಷ್ ಹಾಕಿ ಫ್ಲಶ್ ಮಾಡುತ್ತೇನೆ. ಆಮೇಲೆ ಬ್ರಷ್ಷಿನಿಂದ ನೂಕಿ ನೂಕಿ ನಿಂತ ನೀರನ್ನು ಒಳಗೆ ಕಳಿಸಿ, 1 ಲೀಟರಿಗೆ 100 ಗ್ರಾಂ ಸಿಟ್ರಿಕ್ ಆಮ್ಲ ಹಾಕಿದ ದ್ರಾವಣ ಸುರಿದು, ನೀರಿನ ಮಟ್ಟಕ್ಕಿಂತ ಮೇಲಿರುವ ಹಳದಿ ಗೆರೆಗೆ ಅದೇ ದ್ರಾವಣದಲ್ಲಿ ಅದ್ದಿದ ಹಳೆ ಬಟ್ಟೆಯ ಪಟ್ಟಿ ಅಂಟಿಸಿ ರಾತ್ರಿಯಿಡೀ ಬಿಡುತ್ತೇನೆ. ಬಟ್ಟೆಯನ್ನು ಬೆಳಿಗ್ಗೆ ಎತ್ತಿಕೊಳ್ಳಲು ಮರೆಯಬಾರದು, ಫ್ಲಶ್ ಆದರೆ ಪೈಪಿನಲ್ಲಿ ಸಿಕ್ಕಿಕೊಳ್ಳುತ್ತದೆ. ಹೈಡ್ರೋಕ್ಲೋರಿಕ್ ಆಮ್ಲ ಕೆಲವೇ ನಿಮಿಷದಲ್ಲಿ ಮಾಡುವುದನ್ನು ಇದು ಎಂಟು ಗಂಟೆಯಲ್ಲಿ ಮಾಡುತ್ತದೆ. ದಪ್ಪ ಪದರವಿದ್ದರೆ ಮೂರು ರಾತ್ರಿ ಬೇಕು.

ಆಮ್ಲ ತಾಕಬಾರದ ಜಾಗಗಳೂ ಇವೆ. ಅಮೃತಶಿಲೆ, ಸುಣ್ಣಕಲ್ಲು, ಸಿಮೆಂಟಿನ ಮೊಸಾಯಿಕ್ ನೆಲ, ಟೈಲ್‌ಗಳ ನಡುವಿನ ಸಿಮೆಂಟ್ ಗೆರೆ ಇವುಗಳ ಮೈಯಲ್ಲೇ ಕ್ಯಾಲ್ಸಿಯಂ ಇದೆ. ಆಮ್ಲ ಕೊಳೆಯ ಜೊತೆಗೆ ಕಲ್ಲನ್ನೂ ಕರಗಿಸುತ್ತದೆ. ಹೊಳಪು ಹೋದ ಮಚ್ಚೆ ತೊಳೆದರೆ ಹೋಗುವುದಿಲ್ಲ, ಮತ್ತೆ ಪಾಲಿಶ್ ಹಿಡಿಯಬೇಕು. ಇಂಥ ನೆಲಕ್ಕೆ 5 ಲೀಟರ್ ನೀರಿಗೆ ಎರಡನೇ ಕುದಿತದ ಅಂಟುವಾಳ 50 ಮಿ.ಲೀ. ಹಾಕಿ ಒರೆಸಿ, ಬರಿ ನೀರಿನಲ್ಲಿ ಇನ್ನೊಮ್ಮೆ ಒರೆಸುತ್ತೇನೆ. ಆ ಎರಡನೇ ಒರೆಸು ಬಿಟ್ಟರೆ ನೆಲ ಅಂಟಂಟಾಗಿ ಧೂಳು ಹಿಡಿಯುತ್ತದೆ.

‘ನೈಸರ್ಗಿಕ’ ಎಂಬ ಪದ ಕಂಡೊಡನೆ ಕಣ್ಣುಮುಚ್ಚಿ ನಂಬುವವರಿಗೆ ಎರಡು ಮಾತು ಹೇಳಲೇಬೇಕು. ಬೋರಾಕ್ಸ್ ಗಣಿಯಿಂದ ಬರುವ ಖನಿಜವೇ, ಆದರೂ ಐರೋಪ್ಯ ಒಕ್ಕೂಟ ಅದನ್ನು ಸಂತಾನಶಕ್ತಿಗೆ ಹಾನಿಕರ ಎಂದು ವರ್ಗೀಕರಿಸಿದೆ. ಕಿತ್ತಳೆ, ನಿಂಬೆ ಎಣ್ಣೆಗಳಲ್ಲಿರುವ ಲಿಮೊನೀನ್ ಗಾಳಿಯ ಓಜೋನ್ ಜೊತೆ ವರ್ತಿಸಿ ಫಾರ್ಮಾಲ್ಡಿಹೈಡ್ ಹುಟ್ಟಿಸುತ್ತದೆ. ಟೀ ಟ್ರೀ ಎಣ್ಣೆ ಬೆಕ್ಕಿಗೆ ವಿಷ. ನನ್ನ ದ್ರಾವಣಗಳಿಗೆ ಪರಿಮಳ ಹಾಕುವುದಿಲ್ಲ. ಸಿಟ್ರಸ್ ಸಿಪ್ಪೆ, ಬೆಲ್ಲ, ನೀರು 3:1:10ರ ತೂಕದಲ್ಲಿ ಮೂರು ತಿಂಗಳು ಕೊಳೆಸುವ ‘ಬಯೋ ಎನ್‌ಜೈಮ್’ ಅನೇಕರಿಗೆ ಪ್ರಿಯ. ಅದರಲ್ಲಿ ಕೆಲಸ ಮಾಡುವುದು ಹೆಚ್ಚಾಗಿ ಹುದುಗಿನಿಂದ ಬಂದ ಆಮ್ಲ, ಅಂದರೆ ಕಸುವು ಗೊತ್ತಿಲ್ಲದ ವಿನೆಗರ್. ಮಾಡುವುದೇ ಆದರೆ ಪ್ಲಾಸ್ಟಿಕ್ ಡಬ್ಬಿಯ ಮೂರನೇ ಒಂದು ಭಾಗ ಖಾಲಿ ಬಿಟ್ಟು, ಮೊದಲ ತಿಂಗಳು ದಿನಾ ಮುಚ್ಚಳ ಸಡಿಲಿಸಿ ಅನಿಲ ಬಿಡಬೇಕು. ಗಾಜಿನ ಬಾಟಲಿ ಖಂಡಿತ ಬೇಡ.

ಇನ್ನು ರೋಗಾಣು. ಅಂಟುವಾಳ, ಸೋಡಾ, ಸಿಟ್ರಿಕ್ ಆಮ್ಲ ಇವು ಯಾವುವೂ ನಂಬಬಹುದಾದ ರೋಗಾಣುನಾಶಕಗಳಲ್ಲ, ವಿನೆಗರ್ ಕೂಡ ಅಲ್ಲ. ದಿನನಿತ್ಯಕ್ಕೆ ಅದು ಬೇಕಾಗುವುದೂ ಇಲ್ಲ, ಉಜ್ಜಿ ತೊಳೆದಾಗ ಬಹುಪಾಲು ರೋಗಾಣು ಕೊಳೆಯ ಜೊತೆಗೇ ಹೋಗುತ್ತವೆ. ಕತ್ತರಿಸುವ ಹಲಗೆಯನ್ನು ಸಾಬೂನಿನಿಂದ ತೊಳೆದ ಮೇಲೆ ಶೇಕಡಾ 3ರ ಪೆರಾಕ್ಸೈಡ್ ಸವರಿ 10 ನಿಮಿಷ ಒದ್ದೆಯಾಗಿಯೇ ಬಿಡುತ್ತೇನೆ. ಅದು ಬೆಳಕಿಗೆ ಒಡೆದು ಬರಿ ನೀರಾಗುವ ವಸ್ತು, ಬಂದ ಕಪ್ಪು ಬಾಟಲಿಯಲ್ಲೇ ಇರಲಿ. ವಿನೆಗರ್ ಜೊತೆ ಬೆರೆಸಬಾರದು, ಪೆರಾಸಿಟಿಕ್ ಆಮ್ಲವಾಗಿ ಕಣ್ಣು ಮೂಗು ಉರಿಸುತ್ತದೆ. ಮನೆಯಲ್ಲಿ ವಾಂತಿಭೇದಿ ಇದ್ದಾಗ ಮಾತ್ರ ನಾನು ಬ್ಲೀಚ್ ತರುತ್ತೇನೆ. ಆಗ ಅದನ್ನು ಬಿಟ್ಟರೆ ತಪ್ಪು. ಮೊದಲು ಗಲೀಜು ಒರೆಸಿ ತೆಗೆದು, ಶೇಕಡಾ 5ರ ಬ್ಲೀಚ್ 20 ಮಿ.ಲೀ.ಗೆ ತಣ್ಣೀರು ಸೇರಿಸಿ 1 ಲೀಟರ್ ಮಾಡಿ, ಕಿಟಕಿ ತೆರೆದು, 10 ನಿಮಿಷ ಒದ್ದೆಯಾಗಿ ಬಿಟ್ಟು ತೊಳೆಯಬೇಕು. ಬೆರೆಸಿದ್ದು ಮರುದಿನಕ್ಕೆ ಬೇಡ, ಕಸುವು ಇಳಿದಿರುತ್ತದೆ.

ಕಟ್ಟಿಕೊಂಡ ಸಿಂಕಿಗೆ ಕಾಸ್ಟಿಕ್ ಸೋಡಾ ಹರಳು ಹಾಕುವುದನ್ನು ಪೂರ್ತಿ ಬಿಟ್ಟಿದ್ದೇನೆ. ನೀರು ತಾಕಿದರೆ ಕುದಿಯುವಷ್ಟು ಕಾಯುತ್ತದೆ, ಅಲ್ಯೂಮಿನಿಯಂ ತಾಕಿದರೆ ಹೈಡ್ರೋಜನ್ ಬಿಡುತ್ತದೆ, ಕಟ್ಟು ಬಿಡದಿದ್ದರೆ ಸುಡುವ ದ್ರವ ಪೈಪಿನಲ್ಲೇ ನಿಲ್ಲುತ್ತದೆ. ಅದರ ಬದಲು ಸಿಂಕಿನ ಕೆಳಗೆ ಬಕೆಟ್ ಇಟ್ಟು, ಬಾಗಿದ ಪೈಪಿನ ಎರಡು ನಟ್‌ಗಳನ್ನು ಕೈಯಲ್ಲೇ ತಿರುಗಿಸಿ ಬಿಚ್ಚಿ, ಒಳಗಿನ ಜಿಡ್ಡುಗಟ್ಟಿದ ಕೂದಲನ್ನು ತಂತಿಯಿಂದ ಎಳೆದು, ವಾಷಿಂಗ್ ಸೋಡಾ ನೀರಿನಲ್ಲಿ ಬ್ರಷ್ ಹಾಕುತ್ತೇನೆ. ಮತ್ತೆ ಕೂರಿಸುವಾಗ ರಬ್ಬರ್ ವಾಷರಿನ ಓರೆ ಮಾಡಿದ ಅಂಚು ಬಂದ ದಿಕ್ಕಿಗೇ ಇರಬೇಕು. ಬಿಗಿದ ಮೇಲೆ ನೀರು ಬಿಟ್ಟು, ಎರಡೂ ಸಂಧಿಗೆ ಒಣ ಕಾಗದ ಸುತ್ತಿ 5 ನಿಮಿಷ ನೋಡಿ. ಕಾಗದ ಒದ್ದೆಯಾದರೆ ನಟ್ಟನ್ನು ಇನ್ನೂ ಕಾಲು ಸುತ್ತು ತಿರುಗಿಸಿ.