ಸುರಂಗದ ಮೇಲಿನ ಮನೆಗೆ ಒಣ ಕಕ್ಕಸು

ಪೆರ್ಲದ ಆಚೆ ಗುಡ್ಡೆ ಬದಿಯಲ್ಲಿ ನಮ್ಮ ಮನೆ. ಕುಡಿಯಲಿಕ್ಕೂ ತೋಟಕ್ಕೂ ಸುರಂಗದ ನೀರೇ; ಸುರಂಗ ಎಂದರೆ ಒಸರುವ ನೀರಿಗಾಗಿ ಗುಡ್ಡೆಯೊಳಕ್ಕೆ ಅಡ್ಡಲಾಗಿ ಕೊರೆದ ಬಾವಿ. ಕಾಸರಗೋಡಿನಲ್ಲಿ ವರ್ಷಕ್ಕೆ 3,000 ಮಿಲಿಮೀಟರಿಗೂ ಮೇಲೆ ಮಳೆ ಸುರಿಯುತ್ತದೆ; ಆದರೂ ಏಪ್ರಿಲ್ ಬಂತೆಂದರೆ ಸುರಂಗದ ಬಾಯಲ್ಲಿ ನೂಲಿನೆಳೆಯಷ್ಟು ನೀರು. ಅಂಥ ಹೊತ್ತಿನಲ್ಲಿ ಒಂದು ಫ್ಲಶ್‌ಗೆ 6ರಿಂದ 10 ಲೀಟರ್ ಬಿಡುವುದಕ್ಕೆ ಮನಸ್ಸು ಬರುತ್ತಿರಲಿಲ್ಲ. ಅದಕ್ಕಿಂತ ದೊಡ್ಡ ಚಿಂತೆ ಇಂಗುಗುಂಡಿಯದ್ದು. ಮುರಕಲ್ಲು ತೂತುತೂತಿನ ಕಲ್ಲು. ಮೇಲೆ ಇಂಗಿದ್ದು ಕೆಳಗೆ ಸುರಂಗದಲ್ಲಿ ಒಸರುವುದಿಲ್ಲ ಎಂದು ಯಾರು ಹೇಳಬೇಕು?

ಹಾಗಾಗಿ ನೆಲ ಅಗೆಯದೆ, ನೆಲದ ಮೇಲೆಯೇ ಮುರಕಲ್ಲಿನ ಎರಡು ಕೋಣೆ ಕಟ್ಟಿ, ಒಳಗೆ ಸಿಮೆಂಟು ಬಳಿದು, ಅದರ ಮೇಲೆ ಕಕ್ಕಸು ಮಾಡಿಸಿದೆ. ಕೂರುವ ತಟ್ಟೆಯಲ್ಲಿ ಮೂರು ದಾರಿ: ಮುಂದೆ ಮೂತ್ರಕ್ಕೆ, ನಡುವೆ ಮಲಕ್ಕೆ, ಹಿಂದೆ ತೊಳೆದ ನೀರಿಗೆ. ತಮಿಳುನಾಡಿನ ಮುಸಿರಿಯ ಕಡೆ ಇಂಥವು ಎಷ್ಟೋ ಹಿಂದೆಯೇ ಬಂದಿವೆ. ನಾವು ತೊಳೆದುಕೊಳ್ಳುವ ಜನ; ಹಿಂದಿನ ದಾರಿ ಇಲ್ಲದಿದ್ದರೆ ಈ ಏರ್ಪಾಡು ನಮ್ಮಲ್ಲಿ ನಡೆಯಲಿಕ್ಕಿಲ್ಲ. ಆ ನೀರು ಸುರಂಗ ಇಲ್ಲದ ಬದಿಯ ಬಾಳೆಬುಡಕ್ಕೆ ಹೋಗುತ್ತದೆ.

ಕೂತೆದ್ದ ಮೇಲೆ ಒಂದು ಗೆರಟೆ ಬೂದಿ. ಬಚ್ಚಲೊಲೆ ಇರುವ ಮನೆಯಲ್ಲಿ ಬೂದಿಗೆ ಬರವೇ? ಅದಕ್ಕೆ ಪುಡಿ ಮಾಡಿದ ದರಗು (ಒಣಗಿದ ಎಲೆ) ಸೇರಿಸುತ್ತೇವೆ. ಬೂದಿಯ ಕ್ಷಾರಕ್ಕೆ ನಾತ ಅಡಗುತ್ತದೆ, ರೋಗಾಣು ಬೇಗ ಸಾಯುತ್ತವೆ. ಕೋಣೆಯೊಳಗೆ ಕೊಳೆಯುವುದಕ್ಕಿಂತ ಒಣಗುವುದೇ ಹೆಚ್ಚು. ಪೂರಾ ಗೊಬ್ಬರವಾಗುವುದು ಹೊರಗೆ ರಾಶಿ ಹಾಕಿದ ಮೇಲೆಯೇ.

ಕಷ್ಟ ಇರುವುದು ಆಟಿಯಲ್ಲಿ, ಅಂದರೆ ಜುಲೈ-ಆಗಸ್ಟಿನ ಮಳೆ ತಿಂಗಳಲ್ಲಿ. ಗೋಡೆಯೇ ಬೆವರುವ ಕಾಲ ಅದು. ಸೂರನ್ನು ಉದ್ದ ಇಳಿಸಿ, ಗಾಳಿಕೊಳವೆಯ ಬಾಯಿಗೆ ಬಲೆ ಕಟ್ಟಿ, ಮಳೆಗಾಲದ ಬೂದಿಯನ್ನು ಮೇ ಕೊನೆಗೆ ಬರುವ ಪತ್ತನಾಜೆಗೆ ಮೊದಲೇ ಡ್ರಮ್ಮಿನಲ್ಲಿ ತುಂಬಿಸಿಡಬೇಕು. ತೇವ ಒಳಗೆ ಹೋಯಿತೋ, ನೊಣ ಬಂತೆಂದೇ ಲೆಕ್ಕ. ಮೂತ್ರದ ಪೈಪು ಅಗಲದ್ದಿರಲಿ, ಇಳಿಜಾರು ಚೆನ್ನಾಗಿರಲಿ. ಒಳಗೆ ಉಪ್ಪು ಗಟ್ಟಿಕಟ್ಟುತ್ತದೆ. ಲೋಹದ್ದು ಬೇಡವೇ ಬೇಡ, ತುಕ್ಕು ತಿನ್ನುತ್ತದೆ.

ತೋಟಕ್ಕೆ ನಿಜವಾದ ಲಾಭ ಮೂತ್ರದಲ್ಲಿ. ಒಬ್ಬರ ಒಂದು ವರ್ಷದ ಮೂತ್ರದಲ್ಲಿ ಹೆಚ್ಚುಕಡಿಮೆ 2 ಕಿಲೋ ಸಾರಜನಕ ಇರುತ್ತದೆ. ಅಡಿಕೆ ಮರಕ್ಕೆ ವರ್ಷಕ್ಕೆ 100 ಗ್ರಾಂ ಸಾರಜನಕ ಎಂಬುದು ನಮ್ಮ ಕಾಸರಗೋಡಿನ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ ಸಿ.ಪಿ.ಸಿ.ಆರ್.ಐ. ಶಿಫಾರಸು. ಅರ್ಧ ಗಾಳಿಗೆ ಹೋಯಿತೆಂದರೂ ಹತ್ತು ಮರಕ್ಕೆ ಸಾಕು. ಬೇಸಗೆಯಲ್ಲಿ ಹತ್ತು ಪಾಲು ನೀರು ಬೆರೆಸಿ ಬುಡಕ್ಕೆ ಹೊಯ್ದು ಮಣ್ಣೆಳೆಯುತ್ತೇವೆ. ಮಳೆಗಾಲದಲ್ಲಿ ಹೊಯ್ದರೆ ತೋಡಿಗೆ ಕೊಟ್ಟಂತೆ. ಆಗ ಮಾಡಿನಡಿಯ ಅಡಿಕೆ ಸಿಪ್ಪೆಯ ರಾಶಿಗೆ. ಸಿಪ್ಪೆ ಕೊಳೆಯಲು ಮಹಾ ಸೋಮಾರಿ, ಮೂತ್ರ ಕುಡಿದರೆ ಸ್ವಲ್ಪ ಚುರುಕಾಗುತ್ತದೆ.

ಒಂದು ಕೋಣೆ ತುಂಬಿದರೆ ಮುಚ್ಚಿ ಇನ್ನೊಂದಕ್ಕೆ. ಮುಚ್ಚಿದ್ದನ್ನು ಒಂದು ವರ್ಷವಾದರೂ ಮುಟ್ಟಬಾರದು. ಜಂತುಹುಳದ ಮೊಟ್ಟೆ ಮಿಕ್ಕ ರೋಗಾಣುಗಳಿಗಿಂತ ಗಟ್ಟಿ. ತೆಗೆಯುವಾಗ ಅದು ಬೂದಿ ಬಣ್ಣದ ಪುಡಿಮಣ್ಣು. ಕೈಗವಸು, ಹಾರೆ, ಬುಟ್ಟಿ ಸಾಕು. ಈ ಕೆಲಸಕ್ಕೆ ಆಳು ಕರೆಯುವುದಿಲ್ಲ. ಮಲ ಹೊರಿಸುವುದನ್ನು ನಿಷೇಧಿಸಿದ 2013ರ ಕಾನೂನು ಇದೆ ಎನ್ನುವುದು ಒಂದು ಮಾತು. ಆದರೆ ನಮ್ಮ ಮನೆಯದ್ದನ್ನು ನಾವೇ ತೆಗೆಯುವ ಮನಸ್ಸಿಲ್ಲದವರು ಇದನ್ನು ಕಟ್ಟಿಸಲೇ ಬಾರದು ಎಂಬುದು ನನ್ನ ಹಟ.

ಬಸಳೆ ಚಪ್ಪರಕ್ಕೋ ಹರಿವೆ ಸಾಲಿಗೋ ಆ ಪುಡಿಮಣ್ಣನ್ನು ಹಾಕುವುದಿಲ್ಲ. ಅಡಿಕೆ, ತೆಂಗಿನ ಬುಡ ಬಿಡಿಸಿ ಹಾಕಿ, ಮೇಲೆ ಸೊಪ್ಪು, ಅದರ ಮೇಲೆ ಮಣ್ಣು. ನಮ್ಮ ಕೆಂಪು ಮಣ್ಣು ಹುಳಿ ಮಣ್ಣು, ಬೂದಿ ಅದಕ್ಕೆ ಹಿತ. ಅಲ್ಲಿ ಎರೆಹುಳ ಹೆಚ್ಚಿರುವುದು ಬುಡ ಬಿಡಿಸುವಾಗ ಕಾಣುತ್ತದೆ. ಫಸಲು ಎಷ್ಟು ಏರಿತು ಎಂದು ಕೇಳುವವರಿಗೆ ಮಾತ್ರ ನನ್ನಲ್ಲಿ ಲೆಕ್ಕ ಇಲ್ಲ. ಹಟ್ಟಿಗೊಬ್ಬರವೂ ಅದೇ ಬುಡಕ್ಕೆ ಬೀಳುತ್ತದೆ.