ಬನ್ನಿಯ ಹಾಳೆಗಳಿಗೆ ಹೊಸ ಚೀಟಿ

ದಸರೆಗೆ "ಬನ್ನಿ ತಗೊಂಡು ಬಂಗಾರದ್ಹಂಗ ಇರೋಣ" ಎಂದು ಎಲೆ ಹಂಚುವ ಊರು ನಮ್ಮ ಧಾರವಾಡ. ಹೀಗಿರುವಾಗ ನಮ್ಮ ಕಾಲೇಜಿನ ಹರ್ಬೇರಿಯಂನಲ್ಲಿ, ಅಂದರೆ ಒಣಗಿಸಿದ ಗಿಡಗಳನ್ನು ಹಾಳೆಗೆ ಅಂಟಿಸಿಡುವ ಸಂಗ್ರಹದಲ್ಲಿ, ಬನ್ನಿಯ ಹಾಳೆಗಳೇ ಕಲಸಿಹೋಗಿದ್ದು ಕಂಡು ಸುಮ್ಮನಿರಲು ಆಗಲಿಲ್ಲ. ಒಂಬತ್ತು ಹಾಳೆಗಳಿಗೂ ಪ್ರೊಸೊಪಿಸ್ ಸಿನರೇರಿಯಾ ಎಂಬ ಒಂದೇ ವೈಜ್ಞಾನಿಕ ಹೆಸರು. ಸಿನರೇರಿಯಾದ ಕಾಯಿ ಉರುಟು, ಒಳಗೆ ತಿರುಳು, ಒಣಗಿದರೂ ಬಿರಿಯದು. ಇಲ್ಲಿ ನಾಲ್ಕು ಹಾಳೆಗಳ ಕಾಯಿ ಚಪ್ಪಟೆ, ತೆಳು, ಬಿರಿದದ್ದು.

ಒಣಗಿದ ಹೂವನ್ನು ಬಿಸಿನೀರಲ್ಲಿ ನೆನೆಸಿ, ಸೂಜಿಯಿಂದ ಬಿಡಿಸಿ ಸೂಕ್ಷ್ಮದರ್ಶಕದಡಿ ಕೇಸರ ಎಣಿಸಿದೆ. ಉರುಟು ಕಾಯಿಯ ಗಿಡದ್ದು ಹತ್ತು. ಚಪ್ಪಟೆ ಕಾಯಿಯದನ್ನು ಎಣಿಸುವುದೇ ಕಷ್ಟ, ಅಷ್ಟೊಂದು. ಅದು ಸೆನೆಗಾಲಿಯಾ ಫೆರುಜಿನಿಯಾ, ಮೊದಲು ಅಕೇಷಿಯಾ ಕುಲದಲ್ಲಿದ್ದದ್ದು. ಕಪ್ಪತಗುಡ್ಡದ ಕಡೆ ಅದೇ ಮರ ತೋರಿಸಿ ಕೇಳಿದಾಗ ಒಬ್ಬ ಅಜ್ಜ, "ಇದೂ ಬನ್ನೀನ ರೀ ಸರ, ನಾವು ಪೂಜಿ ಮಾಡೋದು ಇದಕ್ಕ" ಎಂದರು. ಅವರದು ತಪ್ಪಲ್ಲ. ಜನರ ಹೆಸರು ಒಂದು, ಮರ ಎರಡು.

ಆದರೂ ಡಿಎನ್ಎ ನೋಡದೆ ಹೆಸರು ತಿದ್ದಲು ಧೈರ್ಯ ಬರಲಿಲ್ಲ. ಎಳೆ ಎಲೆಯನ್ನು ಸಿಲಿಕಾ ಜೆಲ್‌ನಲ್ಲಿ ಒಣಗಿಸಿ ಅರೆದೆ. ಮೊದಲ ಎರಡು ಸಲ ಕೊಳವೆಯಲ್ಲಿ ಉಳಿದದ್ದು ಅಂಟು ಲೋಳೆ ಮಾತ್ರ. ಜಾಲಿ ಜಾತಿಯ ಗಿಡಗಳಲ್ಲಿ ಗೋಂದು ಹೆಚ್ಚು, ಅದು ಡಿಎನ್ಎ ಜೊತೆಗೇ ಇಳಿಯುತ್ತದೆ. ದ್ರಾವಣದಲ್ಲಿ ಉಪ್ಪು ಹೆಚ್ಚಿಸಿ, ಟ್ಯಾನಿನ್‌ನಂಥ ಒಗರನ್ನು ಹಿಡಿದಿಡುವ ಪಿವಿಪಿ ಪುಡಿ ಸೇರಿಸಿದ ಮೇಲೆ ದಾರಿಗೆ ಬಂತು. ಗಿಡಗಳ ನಂಟು ಹೋಲಿಸಲು ಬಳಸುವ ಮ್ಯಾಟ್‌ಕೆ ಜೀನಿನ ಅಕ್ಷರಸಾಲು ಕೈಗೆ ಬಂದಾಗ ನಾಲ್ಕೂ ಮಾದರಿ ಕಗ್ಗಲಿಯ ಬಳಗದಲ್ಲೇ ಕೂತವು. ಕಗ್ಗಲಿಯೂ ಸೆನೆಗಾಲಿಯಾವೇ.

ಹಳೆಯ ಅಕೇಷಿಯಾ ಒಂದೇ ಬೇರಿನ ಕುಲವಲ್ಲ ಎಂದು ಡಿಎನ್ಎ ತೋರಿಸಿತ್ತು. 2005ರ ವಿಯೆನ್ನಾದ ಸಸ್ಯಶಾಸ್ತ್ರ ಸಮ್ಮೇಳನ ಆ ಹೆಸರನ್ನು ಆಸ್ಟ್ರೇಲಿಯಾದ ಗಿಡಗಳಿಗೆ ಬಿಟ್ಟಿತು, 2011ರಲ್ಲಿ ಮೆಲ್ಬರ್ನ್ ಅದನ್ನೇ ಎತ್ತಿಹಿಡಿಯಿತು. ಎರಿ ಹೊಲದ ಬದುವಿನ ನಮ್ಮ ಕರಿಜಾಲಿ ವಾಚೆಲಿಯಾ ನಿಲೋಟಿಕಾ ಆಯಿತು. ನನಗದು ಇಂದಿಗೂ ನೋವು, ಆದರೆ ಜೋಡಿ ಮುಳ್ಳು, ಗುಂಡು ಹೂಗೊಂಚಲು ನೋಡಿದರೆ ಬೇರೆ ಕುಲವೆಂದು ಒಪ್ಪಲೇಬೇಕು. 2022ರಲ್ಲಿ ಬಳ್ಳಾರಿ ಜಾಲಿಯೂ ಪ್ರೊಸೊಪಿಸ್ ಕುಲ ಬಿಟ್ಟು ನೆಲ್ಟುಮಾ ಆಗಿ ಹೊರನಡೆಯಿತು, ಬನ್ನಿ ಪ್ರೊಸೊಪಿಸ್‌ನಲ್ಲೇ ಉಳಿಯಿತು.

ಹಳೆ ಚೀಟಿ ಕೀಳಲಿಲ್ಲ, ಪಕ್ಕದಲ್ಲಿ ಹೊಸದು ಅಂಟಿಸಿ ತಾರೀಖು ಹಾಕಿದೆ. ಒಂದು ಹಾಳೆಯಲ್ಲಿ ಬರೀ ಎಲೆ, ಡಿಎನ್ಎಯೂ ಚೂರುಚೂರಾಗಿತ್ತು. ಅದರ ಮೇಲೆ "ಬನ್ನಿ, ಹೂ ನೋಡಬೇಕು" ಎಂದಷ್ಟೇ ಬರೆದಿದ್ದೇನೆ. ಸಂಗ್ರಹಿಸಿದ ಜಾಗ ಮುಂಡರಗಿ ಹತ್ತಿರ. ಹೂವಿನ ಕಾಲಕ್ಕೆ ಅಲ್ಲಿಗೆ ಹೋಗುತ್ತೇನೆ.